ಸೀಸವಿಲ್ಲದ ಸೀಸದಕಡ್ಡಿ

ವಾರ್ಷಿಕ ಸಂಚಿಕೆಗೆ ಏನಾದರೊಂದು ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಬಂದು ನಿಂತಾಗ ನಾವು ಶಾಲಾ ಸಹಕಾರಿ ಸಂಘದ ಲೆಕ್ಕದ ಪುಸ್ತಕದಲ್ಲಿ ಮುಳುಗಿದ್ದೆವು. ಕನ್ನಡ ಅಧ್ಯಾಪಕರಾದವರು ಛಂದಸ್ಸಿನ ಬಗೆಗೋ ವಚನಗಳ ಬಗೆಗೋ ಬರೆಯುವುದು ವಾಡಿಕೆ. ನಮ್ಮ ಮನಸ್ಸನ್ನು ಎರಡು ವರ್ಷಗಳಿಂದ ಕೊರೆಯುತ್ತಿರುವುದಾದರೋ ಪೆನ್ಸಿಲು. ಓದುಗರು ಕ್ಷಮಿಸಬೇಕು.

ನಾವು ಒಂದನೆಯ ತರಗತಿಗೆ ಸೇರಿದ್ದು 1985ರ ಜೂನಿನಲ್ಲಿ, ಇದೇ ಕಾಸರಗೋಡಿನ ಒಂದು ಹಳ್ಳಿಯ ಶಾಲೆಗೆ. ತಟ್ಟಿಯ ಆ ಬದಿ ಮಲಯಾಳ, ಈ ಬದಿ ಕನ್ನಡ. ಕೈಯಲ್ಲಿ ಸ್ಲೇಟು, ಕಡ್ಡಿ. ಒರೆಸುವುದಕ್ಕೆ ತೋಟದ ಬದಿಯಲ್ಲಿ ಬೆಳೆಯುವ, ನೀರು ತುಂಬಿದ ದಂಟು. ಆಚೆಯವರು ಅದನ್ನು ಮಷಿತ್ತಂಡು ಎನ್ನುತ್ತಿದ್ದರು. ನಾವೂ ಹಾಗೆಯೇ ಕರೆಯತೊಡಗಿದೆವು. ಸ್ಲೇಟಿನಿಂದ ಪೆನ್ಸಿಲಿಗೆ ಏರುವುದೆಂದರೆ ಬಡ್ತಿ ಸಿಕ್ಕಿದಂತೆ. ಕೆಂಪು-ಕಪ್ಪು ಪಟ್ಟೆಯ ನಟರಾಜ ಪೆನ್ಸಿಲು ಕೈಗೆ ಬಂದ ದಿನ ಅದನ್ನು ತಲೆದಿಂಬಿನಡಿ ಇಟ್ಟು ಮಲಗಿದ್ದೆವು. ಎರಡು ದಿನ ತುದಿ ಹೆರೆಯಲು ಯಾರನ್ನೂ ಬಿಡಲಿಲ್ಲ.

ಮುಂದೆ ಬಿ.ಎಡ್. ತರಬೇತಿಯಲ್ಲಿ ಪಾಠಯೋಜನೆ ಬರೆಯಲು ಕಲಿಸಿದರು, ಕಪ್ಪುಹಲಗೆಯ ಮೇಲೆ ಸಾಲು ಇಳಿಯದಂತೆ ಬರೆಯಲು ಕಲಿಸಿದರು. ಪೆನ್ಸಿಲು ಕೊಳ್ಳುವುದು ಹೇಗೆಂದು ಮಾತ್ರ ಯಾರೂ ಕಲಿಸಲಿಲ್ಲ. ಕೊಳ್ಳುವ ಹೊಣೆ ಬಂದದ್ದು ಎರಡು ವರ್ಷಗಳ ಹಿಂದೆ, ಸಹಕಾರಿ ಸಂಘದ ಅಂಗಡಿಯ ಬೀಗದಕೈ ನಮ್ಮ ಪಾಲಿಗೆ ಬಂದಾಗ. ಐದನೆಯ ತರಗತಿಯವರು ಓಣಂ ರಜೆಯವರೆಗೆ ಪೆನ್ಸಿಲಿನಲ್ಲೇ ಬರೆಯಬೇಕೆಂಬುದು ನಮ್ಮಲ್ಲಿಯ ಕಟ್ಟಳೆ. ಪೇಟೆಯ ವ್ಯಾಪಾರಿಯೊಬ್ಬರು ಅಗ್ಗದಲ್ಲಿ ಒಂದು ಸರಕು ತೋರಿಸಿದರು. ಹೊಳೆಹೊಳೆಯುವ ಬಣ್ಣ, ಮೇಲೆ ಚಿಟ್ಟೆಯ ಚಿತ್ರ. ಎರಡು ಗ್ರೋಸು, ಎಂದರೆ 288 ಪೆನ್ಸಿಲು, ಒಮ್ಮೆಗೇ ತಂದೆವು. ಸಂಘಕ್ಕೆ ನಾಲ್ಕು ಕಾಸು ಉಳಿಸಿದೆವೆಂದು ಸ್ಟಾಫ್ ರೂಮಿನಲ್ಲಿ ಹೇಳಿಕೊಂಡದ್ದೂ ಉಂಟು.

ಆ ವರ್ಷ ಐದನೆಯಲ್ಲಿ ಒಬ್ಬಳು ಹುಡುಗಿ. ಕೇಳಿದ್ದಕ್ಕೆ ತಲೆಯಾಡಿಸುವವಳು, ಮಾತು ಕಡಿಮೆ. ಅವಳ ಕಾಪಿ ಪುಸ್ತಕದ ಅಕ್ಷರ ಬೂದಿ ಎರಚಿದಂತೆ ಮಸುಕು. ನಾವು ಕೆಂಪು ಶಾಯಿಯಲ್ಲಿ ‘ಒತ್ತಿ ಬರೆ’ ಎಂದು ಬರೆದೆವು. ಮರುದಿನ ಹಾಳೆಯಲ್ಲಿ ತೂತು. ‘ಶುಚಿಯಾಗಿ ಬರೆ’ ಎಂದು ಬರೆದೆವು. ಅದರ ಮರುದಿನ ತೂತಿನ ಜೊತೆಗೆ ಉಜ್ಜಿದ ಕಪ್ಪು ಕಲೆ. ಎಲ್ಲರೆದುರು ಆ ಪುಸ್ತಕವನ್ನು ಎತ್ತಿ ತೋರಿಸಿದೆವು. ಇದನ್ನು ಬರೆಯುವಾಗ ಕೈ ಹಿಂಜರಿಯುತ್ತದೆ, ಆದರೆ ತೋರಿಸಿದ್ದು ಹೌದು.

ಮೂರನೆಯ ವಾರ ಅವಳ ಅಜ್ಜಿ ಬಂದರು. ಬೀಡಿ ಕಟ್ಟಿ ಸಂಸಾರ ಸಾಗಿಸುವವರು. “ಮಾಷ್ಟ್ರೇ, ವಾರಕ್ಕೆ ಮೂರು ಪೆನ್ಸಿಲ್ ಬೇಕು ಹೇಳ್ತಾಳೆ. ಇವಳು ಬರಿಯುವುದಾ, ತಿನ್ನುವುದಾ? ನಿನ್ನೆ ಎರಡು ಪೆಟ್ಟು ಕೊಟ್ಟೆ” ಎಂದರು. ಹುಡುಗಿ ಅವರ ಸೆರಗಿನ ಹಿಂದೆ ನಿಂತಿದ್ದಳು.

ಅವಳ ಪೆನ್ಸಿಲು ತೆಗೆದುಕೊಂಡು ನಾವೇ ‘ಸ್ವಾತಂತ್ರ್ಯ’ ಎಂದು ಬರೆಯಲು ಹೊರಟೆವು. ‘ತ್ರ್ಯ’ದ ಹತ್ತಿರ ಮೊನೆ ಮುರಿಯಿತು. ಹೆರೆದೆವು, ಮೊನೆ ತಾನಾಗಿಯೇ ಕಳಚಿ ಬಿತ್ತು. ಮತ್ತೆ ಹೆರೆದರೆ ಒಂದು ಬದಿಯಲ್ಲಿ ಕಡ್ಡಿ, ಇನ್ನೊಂದು ಬದಿಯಲ್ಲಿ ಮರ. ಆ ಮರವೇ ಹಾಳೆಯನ್ನು ಗೀರುತ್ತಿತ್ತು. ಚಾಕುವಿನಿಂದ ಉದ್ದಕ್ಕೆ ಸೀಳಿ ನೋಡಿದಾಗ ಒಳಗಿನ ಕಡ್ಡಿ ನಾಲ್ಕು ಕಡೆ ತುಂಡಾಗಿತ್ತು. ಅಜ್ಜಿ ಕನ್ನಡಕ ಸರಿಪಡಿಸಿಕೊಂಡು ಅದನ್ನು ನೋಡಿದರು, ಮೊಮ್ಮಗಳನ್ನು ನೋಡಿದರು. ನಮ್ಮನ್ನು ನೋಡಲಿಲ್ಲ.

ಆ ಬಳಿಕ ನಮಗೆ ಪೆನ್ಸಿಲಿನ ಹುಚ್ಚು ಹಿಡಿಯಿತೆಂದು ಸಹೋದ್ಯೋಗಿಗಳು ನಗುವುದುಂಟು. ‘ಸೀಸದಕಡ್ಡಿ’ ಎಂಬ ನಮ್ಮ ಮಾತೇ ಒಂದು ತಪ್ಪು ತಿಳಿವಳಿಕೆ. ಅದರಲ್ಲಿ ಸೀಸವಿಲ್ಲ. ಹದಿನಾರನೆಯ ಶತಮಾನದಲ್ಲಿ ಇಂಗ್ಲೆಂಡಿನ ಬಾರೋಡೇಲ್‌ನಲ್ಲಿ ದೊರೆತ ಕಪ್ಪು ಖನಿಜವನ್ನು ಜನ ಸೀಸದ ಜಾತಿಯೆಂದು ಬಗೆದರು; ಅದು ಇಂಗಾಲವೆಂದು ಷೀಲೆ ಎಂಬ ರಸಾಯನ ವಿಜ್ಞಾನಿ ತೋರಿಸಿದ್ದು 1779ರಲ್ಲಿ. ಅದನ್ನೇ ಗ್ರಾಫೈಟು ಎನ್ನುತ್ತೇವೆ. 1795ರಲ್ಲಿ ಫ್ರಾನ್ಸಿನ ಕಾಂಟೆ ಎಂಬವರು ಗ್ರಾಫೈಟಿನ ಪುಡಿಗೆ ಜೇಡಿಮಣ್ಣು ಬೆರೆಸಿ ಸುಡುವ ಕ್ರಮವನ್ನು ಕಂಡುಹಿಡಿದರು. ಮಣ್ಣು ಹೆಚ್ಚಾದರೆ ಕಡ್ಡಿ ಗಟ್ಟಿ, ಗೆರೆ ಮಸುಕು, ಅದು ಎಚ್. ಗ್ರಾಫೈಟು ಹೆಚ್ಚಾದರೆ ಮೃದು, ಗೆರೆ ಕಪ್ಪು, ಅದು ಬಿ. ನಡುವಿನದು ಎಚ್‌ಬಿ. ಮರದ ಮಾತಿಗೆ ಬಂದರೆ, ನಮ್ಮ ದೇಶದ ಪೆನ್ಸಿಲುಗಳಿಗೆ ಬಹುಪಾಲು ಪಟ್ಟಿಗಳು ಬರುವುದು ಕಾಶ್ಮೀರದ ಪುಲ್ವಾಮಾದ ಪಾಪ್ಲರ್ ಮರಗಳಿಂದ. ಅಷ್ಟು ದೂರದ ಮರ ಕಾಸರಗೋಡಿನ ಮಗುವಿನ ಬೆರಳಿಗೆ ಬಂದು ಸೇರುತ್ತದೆ!

ನಮ್ಮ ಲಿಪಿಗೆ ಗಟ್ಟಿ ಕಡ್ಡಿ ಒಗ್ಗದು. ಕನ್ನಡವಾಗಲಿ ಮಲಯಾಳವಾಗಲಿ ಎಲ್ಲ ದುಂಡು, ಎಲ್ಲ ಸುಳಿ. ಗಟ್ಟಿ ಕಡ್ಡಿ ತಿರುವಿನಲ್ಲಿ ಜಾರುತ್ತದೆ. ಕೆಳಗಿನ ಒತ್ತಕ್ಷರಕ್ಕೆ ಬರುವಾಗ ಮಗು ಬಲ ಹಾಕುತ್ತದೆ. ಅದರ ಮೇಲೆ ನಮ್ಮ ಮಳೆ. ಜೂನ್, ಜುಲೈಯಲ್ಲಿ ಪುಸ್ತಕದ ಹಾಳೆ ಹಪ್ಪಳ ಮೆತ್ತಗಾದಂತೆ ಆಗಿರುತ್ತದೆ. ಹಾಳೆ ಹರಿಯುವುದರಲ್ಲಿ ಏನು ಆಶ್ಚರ್ಯ?

ಈಗ ನಾವು ಒಂದು ಪೆನ್ಸಿಲನ್ನಾದರೂ ಅಂಗಡಿಯಲ್ಲೇ ಹೆರೆದು ನೋಡದೆ ಕಟ್ಟು ಕೊಳ್ಳುವುದಿಲ್ಲ. ಮೊದಲು ಹಿಂಬದಿ ನೋಡುತ್ತೇವೆ: ಕಡ್ಡಿ ನಟ್ಟನಡುವೆ ಇರಬೇಕು. ಹೆರೆದ ಸಿಪ್ಪೆ ಪುಡಿಯಾಗದೆ ಹೂವಿನ ದಳದಂತೆ ಸುರುಳಿಯಾಗಿ ಬರಬೇಕು. ಬಳಿಕ ‘ಸ್ವಾತಂತ್ರ್ಯ’ ಬರೆದು, ರಬ್ಬರಿನಿಂದ ಉಜ್ಜಿ, ಅದೇ ಜಾಗದಲ್ಲಿ ಇನ್ನೊಮ್ಮೆ ಬರೆಯುತ್ತೇವೆ. ವ್ಯಾಪಾರಿಗಳು ಮುಖ ಸಿಂಡರಿಸುತ್ತಾರೆ, ಸಿಂಡರಿಸಲಿ. ಆರು ಮೂಲೆಯದೇ ಬೇಕೆಂದು ಹಟ ಹಿಡಿಯುತ್ತೇವೆ, ಏಕೆಂದರೆ ನಮ್ಮ ಡೆಸ್ಕುಗಳು ಇಳಿಜಾರು. ಉರುಟು ಪೆನ್ಸಿಲು ಉರುಳಿ ಬಿದ್ದರೆ ಹೊರಗೆ ಗಾಯ ಕಾಣದು, ಒಳಗೆ ಕಡ್ಡಿ ಮುರಿದಿರುತ್ತದೆ. ಬಣ್ಣ, ಚಿಟ್ಟೆ, ತುದಿಯ ರಬ್ಬರು ಇವುಗಳಿಗೆ ಮರುಳಾಗುವುದಿಲ್ಲ.

ಹಳೆಯ ಸರಕಿನಲ್ಲಿ ಮಾರಾಟವಾಗದೆ ಉಳಿದುದನ್ನು ಕಪಾಟಿನಲ್ಲಿಟ್ಟು, ಮಾರಿದ್ದಕ್ಕೆ ಬದಲಿ ಕೊಟ್ಟು, ನಷ್ಟವನ್ನು ನಾವೇ ಕಟ್ಟಿದೆವು. ಎತ್ತಿ ತೋರಿಸಿದ ತರಗತಿಯಲ್ಲೇ ಆ ಸೀಳಿದ ಪೆನ್ಸಿಲನ್ನೂ ಎತ್ತಿ ತೋರಿಸಿ, ತಪ್ಪು ನಮ್ಮದೆಂದು ಹೇಳಿದೆವು. ಮಕ್ಕಳಿಗೆ ಅದು ತಮಾಷೆಯಾಗಿ ಕಂಡಿತು. ಹುಡುಗಿ ನಗಲಿಲ್ಲ.

ಅವಳೀಗ ಏಳನೆಯಲ್ಲಿ ಇದ್ದಾಳೆ. ಪೆನ್ನಿನಲ್ಲಿ ಬರೆಯುತ್ತಾಳೆ, ಅಕ್ಷರ ಚೆನ್ನಾಗಿದೆ. ಒತ್ತಿ ಬರೆಯುವುದನ್ನು ಮಾತ್ರ ಬಿಟ್ಟಿಲ್ಲ. ಅವಳ ಹಾಳೆಯನ್ನು ಮಗುಚಿ ಹಿಂಬದಿಯಲ್ಲಿ ಬೆರಳಾಡಿಸಿದರೆ ಒಂದೊಂದು ಸಾಲೂ ಕೈಗೆ ತಗಲುತ್ತದೆ.