ಒಂದು ಜನಾಂಗ, ಮೂರು ಹೆಸರು

ಹೆಸರು ಇಡುವುದು ಗುರುತಿಗಾಗಿ. ಆದರೆ ಅದೇ ಹೆಸರು ಇನ್ನೊಬ್ಬರ ಬಾಯಲ್ಲಿ ಬೈಗುಳವಾಗುವುದೂ ಉಂಟು. ನಮ್ಮೂರಿನಲ್ಲಿ ಜಿಪುಣನನ್ನು ‘ಯಹೂದಿ’ ಎಂದು ಹಂಗಿಸುವುದನ್ನು ನಾನು ಚಿಕ್ಕಂದಿನಿಂದಲೇ ಕೇಳಿದ್ದೇನೆ. ಹಾಗೆ ಕರೆದವರಾಗಲಿ, ಕರೆಸಿಕೊಂಡವರಾಗಲಿ ಒಬ್ಬ ಯಹೂದಿಯನ್ನೂ ಕಂಡವರಲ್ಲ. ಆ ಪದ ಎಲ್ಲಿಂದ ಬಂತೆಂಬ ಕುತೂಹಲದಿಂದ ಓದತೊಡಗಿದಾಗ ನನಗೆ ಸಿಕ್ಕಿದ್ದು ಒಂದಲ್ಲ, ಮೂರು ಹೆಸರು.

ಮೊದಲನೆಯದು ‘ಇಬ್ರಿ’, ಅಂದರೆ ಹೀಬ್ರೂ. ‘ದಾಟು’ ಎಂಬ ಅರ್ಥದ ಧಾತುವಿನಿಂದ ಅದು ಬಂತೆಂದು ಸಾಮಾನ್ಯವಾಗಿ ಹೇಳುತ್ತಾರೆ. ಆಚೆ ದಡದಿಂದ ಬಂದವರು ಎಂದರ್ಥ. ಬೈಬಲಿನ ಆದಿಕಾಂಡ ಪ್ರವಾದಿ ಇಬ್ರಾಹೀಮರನ್ನೇ ಈ ಹೆಸರಿನಿಂದ ಕರೆದಿದೆ. ಎರಡನೆಯದು ‘ಇಸ್ರಾಈಲ್’. ಇದು ಇಬ್ರಾಹೀಮರ ಮೊಮ್ಮಗ ಯಾಕೂಬರ ಇನ್ನೊಂದು ಹೆಸರು. ಕುರ್‌ಆನ್ ‘ಬನೀ ಇಸ್ರಾಈಲ್’ ಎನ್ನುವುದು ಅವರ ಸಂತತಿಗೆ. ಬೈಬಲಿನ ಹೊರಗೆ ಈ ಹೆಸರು ಮೊದಲು ಕಾಣುವುದು ಈಜಿಪ್ಟಿನ ದೊರೆ ಮೆರ್ನೆಪ್ತಾನ ಶಾಸನದಲ್ಲಿ. ಅದು ಸುಮಾರು ಕ್ರಿ.ಪೂ. 1208ರದು, ದೊರೆತದ್ದು 1896ರಲ್ಲಿ. ಆ ಜನರ ಬೀಜವೇ ಉಳಿಯಲಿಲ್ಲವೆಂದು ದೊರೆ ಅದರಲ್ಲಿ ಕೊಚ್ಚಿಕೊಂಡಿದ್ದಾನೆ. ಅಳಿದದ್ದು ಅವನ ಸಾಮ್ರಾಜ್ಯ.

ಮೂರನೆಯದು ‘ಯಹೂದಿ’. ಯಾಕೂಬರ 12 ಮಕ್ಕಳಲ್ಲಿ ಒಬ್ಬ ಯಹೂದಾ. ಬೈಬಲಿನ ಪ್ರಕಾರ ಸುಲೈಮಾನರ ಬಳಿಕ ರಾಜ್ಯ ಎರಡಾಯಿತು. ಉತ್ತರದ್ದು ಇಸ್ರಾಈಲ್, ದಕ್ಷಿಣದ್ದು ಯಹೂದಾ. ಉತ್ತರದ ರಾಜ್ಯವನ್ನು ಕ್ರಿ.ಪೂ. 722ರ ಸುಮಾರಿಗೆ ಅಸ್ಸೀರಿಯನ್ನರು ಅಳಿಸಿದರು. ದಕ್ಷಿಣದ್ದನ್ನು ಕ್ರಿ.ಪೂ. 586ರ ಸುಮಾರಿಗೆ ಬಾಬಿಲೋನಿನವರು ಕೆಡವಿ ಜನರನ್ನು ಸೆರೆ ಒಯ್ದರು. ಮುಂದೆ ಮರಳಿ ಬಂದವರಲ್ಲಿ ಹೆಚ್ಚಿನವರು ಯಹೂದಾದವರೇ. ಹಾಗಾಗಿ ಅವರ ಹೆಸರೇ ಇಡೀ ಜನಾಂಗಕ್ಕೆ ನಿಂತಿತು. ಬಿನ್ಯಾಮೀನ್ ಕುಲದ ಮೊರ್ದೆಕೈಯನ್ನೂ ಬೈಬಲ್ ಯಹೂದಿ ಎಂದೇ ಕರೆಯುತ್ತದೆ. ಇಂಗ್ಲಿಷಿನ ‘ಜ್ಯೂ’ ಕೂಡ ಗ್ರೀಕ್, ಲ್ಯಾಟಿನ್ ಭಾಷೆಗಳನ್ನು ಹಾದು ಬಂದ ಇದೇ ಪದ.

ಒಬ್ಬ ಮಗನ ಹೆಸರು, ಒಂದು ನಾಡಿನ ಹೆಸರು. ಇದರಲ್ಲಿ ಬೈಗುಳ ಎಲ್ಲಿದೆ? ಪ್ರವಾದಿಪತ್ನಿ ಸಫಿಯ್ಯಾ(ರ) ಯಹೂದಿ ಮನೆತನದಲ್ಲಿ ಹುಟ್ಟಿದವರು. ‘ಯಹೂದಿಯ ಮಗಳು’ ಎಂಬ ಚುಚ್ಚುಮಾತು ಕೇಳಿ ಅವರು ಅತ್ತಾಗ, ನೀನು ಪ್ರವಾದಿಯ ಸಂತತಿ, ನಿನ್ನ ಚಿಕ್ಕಪ್ಪ ಪ್ರವಾದಿ, ನಿನ್ನ ಪತಿಯೂ ಪ್ರವಾದಿ ಎಂದು ಪ್ರವಾದಿ(ಸ) ಸಮಾಧಾನಪಡಿಸಿದ್ದನ್ನು ತಿರ್ಮಿದಿ ದಾಖಲಿಸಿದ್ದಾರೆ.

ಕೊಂಕಣ ಕರಾವಳಿಯ ಯಹೂದಿಗಳು ತಮ್ಮನ್ನು ‘ಬೆನೆ ಇಸ್ರೇಲ್’ ಎನ್ನುತ್ತಾರೆ. ಊರವರಿಗೆ ಅವರು ‘ಶನಿವಾರ ತೇಲಿ’ಗಳಾಗಿದ್ದರು, ಅಂದರೆ ಶನಿವಾರ ಗಾಣ ನಿಲ್ಲಿಸುತ್ತಿದ್ದವರು. ಅವರಲ್ಲೊಬ್ಬನಾದ ಸಾಮ್ಯುಯೆಲ್ ದಿವೇಕರ್ ಕಂಪೆನಿಯ ಸೇನೆಯಲ್ಲಿದ್ದು ಟಿಪ್ಪುವಿನ ಸೆರೆಯಾಳಾದ. ಯಾವ ಕುಲವೆಂದು ಕೇಳಿದಾಗ ‘ಬೆನೆ ಇಸ್ರೇಲ್’ ಎಂದನಂತೆ. ಇದು ಕುರ್‌ಆನಿನಲ್ಲಿ ಬರುವ ಹೆಸರಲ್ಲವೇ ಎಂದು ಟಿಪ್ಪುವಿನ ತಾಯಿ ಅವನಿಗೆ ಜೀವದಾನ ಕೊಡಿಸಿದರು ಎಂಬ ಕಥೆ ಆ ಸಮುದಾಯದಲ್ಲಿದೆ. ಊರಿಗೆ ಮರಳಿದ ಆತ 1796ರಲ್ಲಿ ಮುಂಬಯಿಯಲ್ಲಿ ಪ್ರಾರ್ಥನಾಲಯ ಕಟ್ಟಿದ. ಈಗ ಅದರ ಹೆಸರಿಗೆ ‘ಕರುಣೆಯ ಬಾಗಿಲು’ ಎಂದರ್ಥ. ಜನ ಮಾತ್ರ ಅದನ್ನು ‘ಜುನೀ ಮಸ್ಜಿದ್’, ಹಳೆಯ ಮಸೀದಿ ಎಂದರು.

1948ರಲ್ಲಿ ಒಂದು ದೇಶ ಇಸ್ರೇಲ್ ಎಂಬ ಹೆಸರಿಟ್ಟುಕೊಂಡಿತು. ಫೆಲೆಸ್ತೀನಿನಲ್ಲಿ ಅದು ಎಸಗಿದ ಅನ್ಯಾಯವನ್ನು ಖಂಡಿಸಲು ನನಗೆ ಹಿಂಜರಿಕೆಯಿಲ್ಲ. ಆದರೆ ಸರಕಾರದ ಲೆಕ್ಕವನ್ನು ಕುಲದ ಖಾತೆಗೆ ಬರೆಯಬಾರದು. ಎಲ್ಲೋ ಯಾರೋ ಮಾಡಿದ ಕೃತ್ಯಕ್ಕೆ ಇಲ್ಲಿ ‘ಮುಸ್ಲಿಮ್’ ಎಂಬ ಹೆಸರು ಉತ್ತರ ಹೇಳಬೇಕಾಗಿ ಬಂದಾಗ ಆಗುವ ನೋವು ನಮಗೆ ಗೊತ್ತು. ಆ ನೋವು ಗೊತ್ತಿರುವವರು ಇನ್ನೊಬ್ಬರ ಹೆಸರನ್ನು ಬೈಗುಳ ಮಾಡುವುದು ಹೇಗೆ?