ಅಮೃತಬಳ್ಳಿಯ ಪರಿಚಯ

ಬಾಲ್ಯದಲ್ಲಿ ಅಮರಕೋಶವನ್ನು ಕಂಠಪಾಠ ಮಾಡಿದವನು ನಾನು. ಗುಡೂಚಿ, ಅಮೃತಾ, ವತ್ಸಾದನೀ, ಛಿನ್ನರುಹಾ ಎಂದು ಅಮೃತಬಳ್ಳಿಯ ಪರ್ಯಾಯನಾಮಗಳನ್ನು ಸಾಲೆಯ ಮಕ್ಕಳಿಂದಲೂ ಹೇಳಿಸಿದೆನು. ಆದರೆ ಬಳ್ಳಿಯನ್ನು ಬಲ್ಲೆನೆ ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ನಿವೃತ್ತನಾಗಿ ತಳಕಲ್ಲಿಗೆ ಮರಳಿದ ವರ್ಷ ಶ್ರಾವಣದಲ್ಲಿ ಮನೆಯಾಕೆಗೆ ಜ್ವರ ಬಂದಿತು. ಕಷಾಯ ಮಾಡುವೆನೆಂದು ಊರ ಹೊರಗೆ ಹೋಗಿ, ಬೇಲಿಯಲ್ಲಿ ಹೃದಯಾಕಾರದ ಎಲೆಗಳುಳ್ಳ ಬಳ್ಳಿಯನ್ನು ಕಂಡು ಕೊಯ್ಯತೊಡಗಿದೆನು. ಆಡು ಮೇಯಿಸುತ್ತಿದ್ದ ಮುದುಕಿಯೊಬ್ಬಳು, “ಸರ, ಅದು ಅಮೃತಬಳ್ಳಿ ಅಲ್ರಿ. ನಿಮ್ಮ ಕೈ ನೋಡ್ಕೋರಿ, ಹಾಲು ಹತ್ತೈತಿ. ಕುಡಿದ್ರ ವಾಂತಿ ಆಕೈತಿ” ಎಂದಳು. ನನ್ನ ಕೈ ನಡುಗಿತು.

ಆಕೆ ನನ್ನನ್ನು ಬೇವಿನ ಮರವೊಂದರ ಬಳಿಗೆ ಕರೆದೊಯ್ದು, ಅದನ್ನಡರಿದ ದಪ್ಪ ಬಳ್ಳಿಯನ್ನು ಕುಡುಗೋಲಿನಿಂದ ಕಡಿದಳು. ಹಾಲು ಒಸರಲಿಲ್ಲ. “ಬಂಡಿ ಗಾಲಿ ಇದ್ದಂಗೈತಿ, ನೋಡ್ರಿ” ಎಂದಳು. ಕಡಿದ ಮುಖದಲ್ಲಿ ಅರಗಳಂತೆ ಗೆರೆಗಳಿದ್ದವು. ನಿಘಂಟುಕಾರರು ಇದಕ್ಕೆ ಚಕ್ರಲಕ್ಷಣಿಕಾ ಎಂದೇಕೆ ಹೆಸರಿಟ್ಟರೆಂಬುದು ಅಕ್ಷರವರಿಯದ ಆಕೆಯಿಂದ ನನಗೆ ತಿಳಿಯಿತು!

ಈ ಬಳ್ಳಿಯ ರಸವು ಕಹಿ, ವೀರ್ಯವು ಉಷ್ಣ, ವಿಪಾಕವು ಮಧುರ. ಜ್ವರ, ವಾತರಕ್ತ, ಪ್ರಮೇಹ, ಕಾಮಾಲೆಗಳಲ್ಲಿ ಆಯುರ್ವೇದವು ಇದನ್ನು ವಿಧಿಸುವದು. ಚರಕಸಂಹಿತೆಯು ಹೇಳುವ ನಾಲ್ಕು ಮೇಧ್ಯ ರಸಾಯನಗಳಲ್ಲಿ ಇದರ ರಸವೂ ಒಂದು. ಬೇವನ್ನು ಹಬ್ಬಿದ ಬಳ್ಳಿಯೇ ಶ್ರೇಷ್ಠವೆಂದು ವೈದ್ಯರ ನಂಬಿಕೆ.

ಹಾಗೆಂದು ಅಮೃತವೆಂಬ ಹೆಸರಿಗೆ ಮರುಳಾಗಲಾಗದು. 2020ರ ಮಹಾಮಾರಿಯಲ್ಲಿ ಮನೆಮನೆಯಲ್ಲಿಯೂ ಇದರ ಕಷಾಯ ಕುದಿಯಿತು. 2021ರಲ್ಲಿ, ಇದನ್ನು ಸೇವಿಸಿದ ಕೆಲವರಲ್ಲಿ ಯಕೃತ್ತಿಗೆ ಹಾನಿಯಾದುದನ್ನು ಮುಂಬಯಿಯ ವೈದ್ಯರು ವರದಿ ಮಾಡಿದರು. ಇದೇ ಜಾತಿಯ ಬೇರೊಂದು ಬಳ್ಳಿಯನ್ನು ತಪ್ಪಾಗಿ ಬಳಸಿರಬಹುದೆಂದು ಆಯುಷ್ ಸಚಿವಾಲಯವು ಹೇಳಿತು. ವಾದವೇನೇ ಇರಲಿ, ಗೃಹಿಣಿಯರಿಗೆ ನನ್ನ ಬಿನ್ನಹ ಇಷ್ಟೆ: ಗುರುತು ತಿಳಿಯದೆ ಕೊಯ್ಯಬೇಡಿರಿ, ವೈದ್ಯರನ್ನು ಕೇಳದೆ ಕುಡಿಸಬೇಡಿರಿ. ಗರ್ಭಿಣಿಯರು, ಯಕೃತ್ತಿನ ರೋಗವುಳ್ಳವರು, ಮಧುಮೇಹಕ್ಕೆ ಔಷಧ ಸೇವಿಸುವವರು ವಿಶೇಷವಾಗಿ ಎಚ್ಚರದಿಂದಿರಬೇಕು.

ಅಂದು ನಾನು ಕಷಾಯದ ಯೋಚನೆಯನ್ನೇ ಬಿಟ್ಟು ವೈದ್ಯರನ್ನು ಕರೆತಂದೆನು; ಜ್ವರವಿಳಿಯಿತು. ಮುದುಕಿಯು ಕೊಟ್ಟ ತುಂಡನ್ನು ಹಿತ್ತಲ ಬೇವಿನ ಬುಡದಲ್ಲಿ ಊರಿದೆನು. ಛಿನ್ನರುಹಾ ಎಂದರೆ ಕಡಿದರೂ ಚಿಗುರುವದು. ಅದು ಹಾಗೆಯೇ ಚಿಗುರಿತು. ಈಗ ನೆರೆಯ ಮಕ್ಕಳು ಸಂಸ್ಕೃತ ಕಲಿಯಲು ಬಂದರೆ, ಮೊದಲು ಬಳ್ಳಿಯನ್ನು ಮುಟ್ಟಿಸಿ ತೋರಿಸುತ್ತೇನೆ. ಹೆಸರುಗಳನ್ನು ಆಮೇಲೆ ಹೇಳಿಸುತ್ತೇನೆ.