ಆಟದ ಬಯಲಿನಲ್ಲಿ ಎರಡು ಅಳತೆ

ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ 'ಹೀನಾಧಿಕ ಮಾನೋನ್ಮಾನ'ವೂ ಒಂದೆಂದು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಹೇಳುತ್ತದೆ. ಕೊಳ್ಳುವಾಗ ಒಂದು ಅಳತೆ, ಕೊಡುವಾಗ ಇನ್ನೊಂದು ಅಳತೆ ಇಟ್ಟುಕೊಳ್ಳುವುದು ಇದರ ಅರ್ಥ. ಆಲೂರಿನಲ್ಲಿ ಕಾಫಿ, ಮೆಣಸು ತೂಗುತ್ತಲೇ ಆಯುಷ್ಯ ಸವೆಸಿದ ನನ್ನಂಥ ವ್ಯಾಪಾರಿಗೆ ಈ ಮಾತಿಗೆ ವ್ಯಾಖ್ಯಾನ ಬೇಕಿಲ್ಲ. ಆದರೆ ತಕ್ಕಡಿಯೇ ಇಲ್ಲದ ಕಡೆಯಲ್ಲಿಯೂ ಈ ದೋಷ ಸಂಭವಿಸುತ್ತದೆಂಬುದು ನನಗೆ ಸ್ಪಷ್ಟವಾದದ್ದು ಮಕ್ಕಳ ಕಾಲ್ಚೆಂಡಾಟದ ಲೆಕ್ಕಪತ್ರವೊಂದನ್ನು ನೋಡುವಾಗ.

ಕೆಲವು ವರ್ಷಗಳ ಹಿಂದೆ ನಮ್ಮ ಭಾಗದ ಕ್ರೀಡಾ ಸಮಿತಿಯೊಂದು ತನ್ನ ವಾರ್ಷಿಕ ಜಮಾ-ಖರ್ಚನ್ನು ಪರಿಶೀಲಿಸಿಕೊಡಬೇಕೆಂದು ನನ್ನನ್ನು ಕೇಳಿಕೊಂಡಿತು. ನಾನು ಬಿ.ಕಾಂ. ಓದಿದವನೆಂಬುದೇ ಅದಕ್ಕೆ ಕಾರಣ. ರಸೀದಿಗಳು, ವೋಚರುಗಳು ಎಲ್ಲವೂ ಕ್ರಮಬದ್ಧವಾಗಿದ್ದವು. ಒಂದು ರೂಪಾಯಿಯೂ ಅತ್ತಿತ್ತ ಆಗಿರಲಿಲ್ಲ. ಆದರೆ ಸಾರ್ವಜನಿಕರಿಗೆ ಹಂಚಿದ ಮನವಿ ಪತ್ರದಲ್ಲಿ 'ನಮ್ಮ ಮಲೆನಾಡಿನ ಬಾಲಕ-ಬಾಲಕಿಯರ ಏಳಿಗೆಗಾಗಿ' ಎಂದಿತ್ತು. ಖರ್ಚಿನ ಪುಟಗಳಲ್ಲಿ ಶೂ, ಜೆರ್ಸಿ, ತರಬೇತುದಾರರ ಗೌರವಧನ, ಪಂದ್ಯಾವಳಿಗೆ ಹೋಗಿ ಬಂದ ವ್ಯಾನಿನ ಬಾಡಿಗೆ, ಎಲ್ಲವೂ ಬಾಲಕರಿಗೆ ಸಂದಿದ್ದವು. ಬಾಲಕಿಯರ ಹೆಸರಿನಲ್ಲಿದ್ದದ್ದು ಸ್ವಾತಂತ್ರ್ಯೋತ್ಸವದ ದಿನದ ಉಪಾಹಾರ ಒಂದೇ.

ಲೆಕ್ಕ ಸರಿಯಾಗಿದೆಯೆಂದು ರುಜು ಹಾಕಿ, ಅದರ ಕೆಳಗೆ ಒಂದು ಷರಾ ಬರೆದೆ: 'ಸಂಗ್ರಹ ಇಬ್ಬರ ಹೆಸರಿನಲ್ಲಿ, ವಿನಿಯೋಗ ಒಬ್ಬರಿಗೆ.' ಸಮಿತಿಯ ಹಿರಿಯರಿಗೆ ಇದು ರುಚಿಸಲಿಲ್ಲ. "ಹುಡುಗಿಯರು ಬರುವುದೇ ಇಲ್ಲವಲ್ಲ ಯಜಮಾನರೇ, ಖರ್ಚು ಯಾರಿಗೆಂದು ಮಾಡುವುದು?" ಎಂದರು. ಮೇಲುನೋಟಕ್ಕೆ ಇದು ನ್ಯಾಯವಾದ ಪ್ರಶ್ನೆಯೇ. ಆದುದರಿಂದ ಅವರು ಏಕೆ ಬರುವುದಿಲ್ಲವೆಂದು ತಾಯಂದಿರನ್ನೇ ವಿಚಾರಿಸೋಣವೆಂದೆ.

ಉತ್ತರ ತಿಳಿಯಲು ಹೆಚ್ಚು ಕಾಲ ಹಿಡಿಯಲಿಲ್ಲ. ಅಭ್ಯಾಸದ ಹೊತ್ತು ಸಂಜೆ ಐದೂವರೆಯಿಂದ ಏಳು. ಆಲೂರು, ಸಕಲೇಶಪುರದ ಸೀಮೆಯಲ್ಲಿ ಕಾಡಾನೆಗಳ ಹಾವಳಿ ಎಂಥದೆಂದು ಓದುಗರಿಗೆ ಹೇಳಬೇಕಾಗಿಲ್ಲ. ಮಬ್ಬುಗತ್ತಲಾದ ಮೇಲೆ ತೋಟದ ದಾರಿಯಲ್ಲಿ ಗಂಡಸರೇ ಒಂಟಿಯಾಗಿ ನಡೆಯಲು ಹಿಂಜರಿಯುತ್ತಾರೆ. ತೋಟದ ಲೈನುಮನೆಯ ತಾಯಿಯೊಬ್ಬರು, "ಆನೆ ಓಡಾಡೋ ಹೊತ್ತಲ್ಲಿ ಮಗೀನ ಹೆಂಗೆ ಕಳಿಸೋದು ಸ್ವಾಮಿ?" ಎಂದರು. ಬಯಲಿನ ಬಳಿ ಶೌಚಾಲಯವಿರಲಿಲ್ಲ, ಬಟ್ಟೆ ಬದಲಿಸಲು ಮರೆಯಿರಲಿಲ್ಲ, ಜೊತೆಗೆ ನಿಲ್ಲಲು ಒಬ್ಬ ಮಹಿಳೆಯೂ ಇರಲಿಲ್ಲ. ಹೆಣ್ಣುಮಕ್ಕಳನ್ನು ಯಾರೂ ಬೇಡವೆಂದಿರಲಿಲ್ಲ. ಅವರು ಬರಲಾಗದಂಥ ಹೊತ್ತನ್ನು ಗೊತ್ತುಮಾಡಿ, ಬರಲಿಲ್ಲವೆಂದು ದಾಖಲೆ ಮಾಡಲಾಗಿತ್ತು. ಸಮಿತಿಯಲ್ಲಿ ಒಬ್ಬ ತಾಯಿ ಕುಳಿತಿದ್ದರೂ ಈ ಮಾತು ಮೊದಲ ಸಭೆಯಲ್ಲಿಯೇ ಹೊರಬರುತ್ತಿತ್ತು. ಹೆಣ್ಣುಮಕ್ಕಳಿಗೆ ಸಮಪಾಲು ಎಂಬುದೂ ಉತ್ತಮ ಆಡಳಿತ ಎಂಬುದೂ ಎರಡು ಬೇರೆ ವಿಷಯಗಳಲ್ಲವೆಂದು ನಾನು ಹೇಳುವುದು ಇದಕ್ಕಾಗಿಯೇ.

ಇದು ಕೇವಲ ಒಂದು ತಾಲ್ಲೂಕಿನ ಕಥೆಯೂ ಅಲ್ಲ. ಇಂಗ್ಲೆಂಡಿನಲ್ಲಿ 1920ರ ಕ್ರಿಸ್‌ಮಸ್ ಮರುದಿನ ಲಿವರ್‌ಪೂಲ್ ನಗರದ ಗುಡಿಸನ್ ಪಾರ್ಕ್ ಮೈದಾನದಲ್ಲಿ ಮಹಿಳೆಯರ ಪಂದ್ಯ ನೋಡಲು ಸುಮಾರು 53,000 ಜನ ಸೇರಿದ್ದರು. ಮರುವರ್ಷ, 1921ರ ಡಿಸೆಂಬರ್ 5ರಂದು, ಅಲ್ಲಿನ ಫುಟ್‌ಬಾಲ್ ಸಂಸ್ಥೆ ತನ್ನ ಸದಸ್ಯ ಕ್ಲಬ್ಬುಗಳ ಮೈದಾನಗಳಲ್ಲಿ ಮಹಿಳೆಯರು ಆಡಕೂಡದೆಂದು ನಿರ್ಣಯಿಸಿತು. ಆ ನಿಷೇಧ ಸುಮಾರು ಅರ್ಧ ಶತಮಾನ ಉಳಿಯಿತು. ಪ್ರೇಕ್ಷಕರಿದ್ದರು, ಆಟಗಾರ್ತಿಯರಿದ್ದರು, ಬಾಗಿಲು ಮುಚ್ಚಿದ್ದು ಸಭೆಯ ಮೇಜಿನ ಸುತ್ತ ಕುಳಿತವರು.

ನಮ್ಮ ದೇಶದಲ್ಲಿ 1975ರಲ್ಲಿಯೇ ಮಹಿಳಾ ಫುಟ್‌ಬಾಲ್ ಒಕ್ಕೂಟ ಹುಟ್ಟಿತು. ಆದರೆ ಮಹಿಳೆಯರಿಗೆ ರಾಷ್ಟ್ರೀಯ ಲೀಗ್ ಆರಂಭವಾಗಲು 2016-17ರವರೆಗೆ ಕಾಯಬೇಕಾಯಿತು. ಅದೇ ಲೀಗಿನ 2022-23ರ ಸಾಲಿನಲ್ಲಿ ಬೆಂಗಳೂರಿನ ಕಿಕ್‌ಸ್ಟಾರ್ಟ್ ತಂಡ ಫೈನಲ್ ತಲುಪಿತು. 2025ರ ಜುಲೈನಲ್ಲಿ ಭಾರತದ ಮಹಿಳೆಯರು ಥಾಯ್ಲೆಂಡ್ ತಂಡವನ್ನು ಅದರ ನೆಲದಲ್ಲಿಯೇ 2-1ರಿಂದ ಸೋಲಿಸಿ ಏಷ್ಯಾ ಕಪ್‌ಗೆ ಅರ್ಹತೆ ಪಡೆದರು. ಅವಕಾಶ ದೊರೆತಲ್ಲಿ ಸಾಮರ್ಥ್ಯ ಕಾಣಿಸಿಕೊಂಡಿದೆ.

ಆಡಳಿತ ಕೆಟ್ಟರೆ ಅದರ ಭಾರ ಯಾರ ಹೆಗಲಿಗೆ ಬೀಳುತ್ತದೆಂಬುದಕ್ಕೆ 2022ನೆಯ ವರ್ಷವೇ ಸಾಕ್ಷಿ. ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟದ ಆಡಳಿತ ಮಂಡಳಿಯ ಅವಧಿ 2020ರ ಡಿಸೆಂಬರಿನಲ್ಲಿಯೇ ಮುಗಿದಿದ್ದರೂ ಚುನಾವಣೆ ನಡೆದಿರಲಿಲ್ಲ. 2022ರ ಮೇ ತಿಂಗಳಿನಲ್ಲಿ ಸರ್ವೋಚ್ಚ ನ್ಯಾಯಾಲಯ ಆಡಳಿತಾಧಿಕಾರಿಗಳ ಸಮಿತಿಯನ್ನು ನೇಮಿಸಿತು. ಆಗಸ್ಟ್ ಮಧ್ಯದಲ್ಲಿ ಫಿಫಾ, ಹೊರಗಿನವರ ಹಸ್ತಕ್ಷೇಪದ ಕಾರಣ ನೀಡಿ, ಒಕ್ಕೂಟವನ್ನು ಅಮಾನತುಗೊಳಿಸಿತು. ಅಕ್ಟೋಬರಿನಲ್ಲಿ ನಮ್ಮ ದೇಶದಲ್ಲಿಯೇ ನಡೆಯಬೇಕಿದ್ದ 17 ವರ್ಷದೊಳಗಿನ ಬಾಲಕಿಯರ ವಿಶ್ವಕಪ್ ಕೈತಪ್ಪುವ ಸ್ಥಿತಿ ಬಂತು. ಹಿರಿಯರು ಕಾಲಕ್ಕೆ ಸರಿಯಾಗಿ ಚುನಾವಣೆ ನಡೆಸದೆ ಉಳಿಸಿದ ಬಾಕಿಯನ್ನು ಹದಿನಾರರ ಹುಡುಗಿಯರು ತೀರಿಸಬೇಕಾದ ಸಂದರ್ಭವದು. ಆಗಸ್ಟ್ 26ರಂದು ಅಮಾನತು ರದ್ದಾಗಿ ಪಂದ್ಯಾವಳಿ ಉಳಿಯಿತು. ಅದೇ ವರ್ಷ, ವಿದೇಶ ಪ್ರವಾಸದಲ್ಲಿದ್ದ ಈ ಬಾಲಕಿಯರ ತಂಡದ ಸಹಾಯಕ ತರಬೇತುದಾರನನ್ನು ಅನುಚಿತ ವರ್ತನೆಯ ಆರೋಪದ ಮೇಲೆ ವಜಾ ಮಾಡಲಾಯಿತು. ದೂರು ಹೇಳಿಕೊಳ್ಳಲು ನಂಬಿಕೆಯ ಸ್ಥಳವಿಲ್ಲದ ತರಬೇತಿ ಶಿಬಿರಕ್ಕೆ ಯಾವ ತಂದೆತಾಯಿ ಮಗಳನ್ನು ಕಳಿಸಿಯಾರು?

ಪರಿಹಾರವಾಗಿ 2025ರ ಆಗಸ್ಟಿನಲ್ಲಿ ಸಂಸತ್ತು ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯಿದೆಗೆ ಒಪ್ಪಿಗೆ ನೀಡಿದೆ. ಅದರಂತೆ ರಾಷ್ಟ್ರಮಟ್ಟದ ಕ್ರೀಡಾಸಂಸ್ಥೆಯ ಕಾರ್ಯಕಾರಿ ಸಮಿತಿಯಲ್ಲಿ ಗರಿಷ್ಠ 15 ಸದಸ್ಯರಿರಬಹುದು. ಅವರಲ್ಲಿ ಕನಿಷ್ಠ 4 ಮಂದಿ ಮಹಿಳೆಯರಿರಬೇಕು. ಕೇವಲ ಸಂಖ್ಯೆಯಿಂದ ಏನಾದೀತು, ಹಿಂದೆ ನಿಂತು ಗಂಡಸರೇ ನಡೆಸುತ್ತಾರೆ ಎಂಬ ಆಕ್ಷೇಪಣೆಯುಂಟು. 1987ರಲ್ಲಿ ಮಂಡಲ ಪಂಚಾಯಿತಿ ಚುನಾವಣೆಗಳಲ್ಲಿ ನಮ್ಮ ರಾಜ್ಯ ಮಹಿಳೆಯರಿಗೆ ಶೇಕಡಾ 25 ಸ್ಥಾನ ಮೀಸಲಿಟ್ಟಾಗಲೂ ಇದೇ ಮಾತನ್ನು ನಾವು ಕೇಳಿದ್ದೆವು. ಕೆಲವೆಡೆ ಹಾಗೆ ಆದದ್ದೂ ನಿಜ. ಆದರೆ ಇಂದು ಪಂಚಾಯಿತಿಗಳಲ್ಲಿ ಅರ್ಧ ಸ್ಥಾನಗಳು ಮಹಿಳೆಯರಿಗೆ ಮೀಸಲು. ನೀರು, ಶಾಲೆ, ದಾರಿಗಳ ಮಾತನ್ನು ಅವರೇ ಎತ್ತುವುದನ್ನು ಗ್ರಾಮಸಭೆಗಳಲ್ಲಿ ನಾನು ಕಂಡಿದ್ದೇನೆ. ಕುರ್ಚಿ ಮೊದಲು ಬರಬೇಕು, ಧ್ವನಿ ಆಮೇಲೆ ಕೂಡಿಬರುತ್ತದೆ.

ಮುನಿ, ಆರ್ಯಿಕೆ, ಶ್ರಾವಕ, ಶ್ರಾವಿಕೆಯರೆಂಬ ಚತುರ್ವಿಧ ಸಂಘದ ಕಲ್ಪನೆಯಲ್ಲಿ ಅರ್ಧ ಭಾಗ ಸ್ತ್ರೀಯರದೇ. ಭಗವಾನ್ ಆದಿನಾಥರು ಅಕ್ಷರವನ್ನೂ ಅಂಕವನ್ನೂ ಕಲಿಸಿದ್ದು ಬ್ರಾಹ್ಮೀ, ಸೌಂದರಿಯರೆಂಬ ಇಬ್ಬರು ಹೆಣ್ಣುಮಕ್ಕಳಿಗೆ. ಹೀಗಿರುವಾಗ ನಮ್ಮ ಬಸದಿಗಳ ಟ್ರಸ್ಟುಗಳು, ವಿದ್ಯಾರ್ಥಿನಿಲಯಗಳು, ಕ್ರೀಡೆಗೆ ದಾನ ನೀಡುವ ಸಂಘಗಳು ತಮ್ಮ ತಮ್ಮ ಪಟ್ಟಿಗಳನ್ನು ಒಮ್ಮೆ ನೋಡಿಕೊಳ್ಳುವುದು ಉಚಿತ.

ಟ್ರಸ್ಟಿನ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟೆ. ಮಕ್ಕಳ ಆಟಕ್ಕೆ ಹಣ ಕೊಡುವ ಮೊದಲು ನಾಲ್ಕು ಪ್ರಶ್ನೆ ಕೇಳಿರಿ. ಸಮಿತಿಯಲ್ಲಿ ಮಹಿಳೆಯರೆಷ್ಟು? ಬಾಲಕ-ಬಾಲಕಿಯರ ಖರ್ಚನ್ನು ಪ್ರತ್ಯೇಕ ಕಾಲಮಿನಲ್ಲಿ ತೋರಿಸಿದ್ದಾರೆಯೇ? ಸಮಿತಿಯ ಅವಧಿ ಎಂದು ಮುಗಿಯುತ್ತದೆ, ಮುಗಿದ ಮೇಲೆ ಚುನಾವಣೆ ನಡೆದಿದೆಯೇ? ಮಗುವಿಗೆ ತೊಂದರೆಯಾದರೆ ಹೇಳಿಕೊಳ್ಳಲು ತರಬೇತುದಾರರನ್ನು ಬಿಟ್ಟು ಬೇರೆ ಯಾರಿದ್ದಾರೆ? ಈ ನಾಲ್ಕಕ್ಕೆ ಉತ್ತರವಿಲ್ಲದಿದ್ದರೆ ದಾನವನ್ನು ತಡೆಹಿಡಿಯುವುದು ಕೃಪಣತೆಯಲ್ಲ, ವಿವೇಕ.

ನಾನು ಹೇಳಿದ ಸಮಿತಿ ಕಡೆಗೆ ಇಬ್ಬರು ತಾಯಂದಿರನ್ನೂ ಒಬ್ಬ ದೈಹಿಕ ಶಿಕ್ಷಕಿಯನ್ನೂ ಸೇರಿಸಿಕೊಂಡಿತು. ಬಾಲಕಿಯರ ಅಭ್ಯಾಸವನ್ನು ಶಾಲೆ ಬಿಟ್ಟ ಕೂಡಲೆ ಆರಂಭಿಸಿ, ಬೆಳಕಿರುವಾಗಲೇ ಮುಗಿಸುವ ಏರ್ಪಾಡಾಯಿತು. ಹನ್ನೊಂದು ಮಂದಿ ಕೂಡಿಬರಲು ಒಂದು ಮಳೆಗಾಲ ಕಳೆಯಬೇಕಾಯಿತು. ಎಲ್ಲರಿಗಿಂತ ಚೆನ್ನಾಗಿ ಚೆಂಡು ಒದೆಯುತ್ತಿದ್ದಳೆಂದು ಶಿಕ್ಷಕರು ನೆನೆಯುತ್ತಿದ್ದ ಹುಡುಗಿ ಮಾತ್ರ ಬರಲಿಲ್ಲ. ಅಷ್ಟರಲ್ಲಿ ಅವಳು ಹತ್ತನೆಯ ತರಗತಿ ದಾಟಿ, ಊರು ಬಿಟ್ಟು ಕೆಲಸಕ್ಕೆ ಸೇರಿದ್ದಳು. ವ್ಯಾಪಾರದಲ್ಲಿ ಕಡಿಮೆ ತೂಗಿದ ಸರಕನ್ನು ಮರುದಿನ ಕರೆದು ತುಂಬಿಕೊಡಬಹುದು. ಬಾಲ್ಯದಲ್ಲಿ ಕಡಿಮೆ ತೂಗಿದ್ದನ್ನು ತುಂಬಿಕೊಡುವ ಬಟ್ಟು ಯಾವ ಅಂಗಡಿಯಲ್ಲಿಯೂ ಇಲ್ಲ. ಆದುದರಿಂದ ಅಳತೆಯನ್ನು ಮೊದಲೇ ಸರಿಪಡಿಸಿಕೊಳ್ಳುವುದು ಲೇಸು.